ಎಣಿಸಿ ನೋಡಿ

ಕೀಲ್ಪಾಕಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಗೆ ಸಸ್ಯಶಾಸ್ತ್ರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಾಂಪೌಂಡ್ ಗೋಡೆಗೆ ಹಬ್ಬಿದ್ದ ಬಳ್ಳಿಯಿಂದ ಒಂದು ಹೂ ಕಿತ್ತು, ತೀರ್ಥ ಕೊಡುವವರಂತೆ ಮುಂದೆ ಹಿಡಿದು, ಹೋಗಿಬರುವವರನ್ನೆಲ್ಲ ನಿಲ್ಲಿಸುತ್ತಿದ್ದರು.

“ಈ ಎಳೆಗಳೆಲ್ಲ ನೂರು ಜನ ಕೌರವರು, ಮಧ್ಯದಲ್ಲಿ ಐದು ಜನ ಪಾಂಡವರು. ಮಹಾಭಾರತದ ಕಾಲದ ಬಳ್ಳಿ ರೀ ಇದು. ಬೇಕಾದ್ರೆ ಎಣಿಸಿ ನೋಡಿ!”

ಒಂದು ದಿನ ನಾನು ಮೂರು ಸೀಳಿನ ಆ ಎಲೆಯನ್ನು ಹೊಸಕಿ ಅವರ ಮೂಗಿಗೇ ಹಿಡಿದೆ. ಈ ಗಬ್ಬು ವಾಸನೆ, ಸ್ಪ್ರಿಂಗಿನಂಥ ಕುಡಿ, ಕಾಯಿಯನ್ನು ಸುತ್ತಿದ ಅಂಟುಕೂದಲಿನ ಬಲೆ ನೋಡಿದರೆ ಸಾಕು, ಇದು ಕುಕ್ಕಿ ಹಣ್ಣಿನ ಬಳ್ಳಿ, ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಬೇಲಿಗಳಿಗೆ ಹಬ್ಬಿದ್ದು ಎಂದೆ. ಅವರು ಮೂಗು ಒರೆಸಿಕೊಂಡು, “ಎಣಿಸಿ ನೋಡಿ” ಎಂದರು.

ರಾಮನವಮಿಯಂದು ಪಾನಕ, ಕೋಸಂಬರಿಯ ಜೊತೆ ಆ ಬಳ್ಳಿಯ ಹಸಿರು ಕಾಯಿಗಳನ್ನೂ ನೈವೇದ್ಯಕ್ಕಿಟ್ಟರು. “ಕಾಯೆ ಸಾಪ್ಡಾದೀಂಗ ಸಾರ್, ಪಳುಕ್ಕಟ್ಟುಂ,” ಹಣ್ಣಾಗುವ ತನಕ ತಿನ್ನಬೇಡಿ ಎಂದು ಅವರ ತಮಿಳು ಮನೆಗೆಲಸದಾಕೆ ಬೇಡಿಕೊಂಡಳು. ನಾವೆಲ್ಲ ಪ್ರಸಾದದ ಕಾಯಿಯನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಳಿಸಿದೆವು. ಅವರೊಬ್ಬರೇ ಪಾಂಡವರ ಲೆಕ್ಕಕ್ಕೆ ಐದು ತಿಂದರು. ಸಂಜೆಗೆ ವಾಂತಿ ಹಿಡಿದು ಆಸ್ಪತ್ರೆ ಸೇರಿದರು.

ನೋಡಲು ಹೋದೆ. ಗ್ಲೂಕೋಸ್ ಏರಿಸಿದ್ದ ಕೈಯೆತ್ತಿ ಪಕ್ಕದ ಹಾಸಿಗೆಯವನಿಗೆ ಅದೇ ಪಾಠ ಹೇಳುತ್ತಿದ್ದರು.

“ನೀವು ಯಾವತ್ತಾದರೂ ಎಣಿಸಿದ್ದೀರಾ ಸಾರ್?” ಎಂದು ಕೇಳಿದೆ.

ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು.

“ನೂರು ಇದ್ದೇ ಇರುತ್ತಲ್ರೀ. ನಾನ್ಯಾಕೆ ಎಣಿಸ್ಲಿ?”