ಸುಬ್ಬತ್ತೆ ಕೇಳಿದ ಬಾಗಿಲು

ಸುಬ್ಬತ್ತೆ ಸಮಾಧಾನವಾಗಿದ್ದಾಗ ಕನ್ನಡ ಮಾತಾಡುತ್ತಿದ್ದಳು, ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದಳು. ಮುಳಬಾಗಿಲಿನ ಅವಳ ಬೀದಿಯಲ್ಲಿ ಹಾಲಿನವನು ಕೂಡ ಒಳಗೆ ಯಾವ ಭಾಷೆ ನಡೆಯುತ್ತಿದೆಯೆಂದು ಕೇಳಿಸಿಕೊಂಡೇ ಗೇಟು ತೆಗೆಯುತ್ತಿದ್ದ. ಅವಳು ನನ್ನ ಅಪ್ಪನ ಅಕ್ಕ. ಕೋಪ ಮೂಗಿನ ತುದಿಯಲ್ಲೇ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಆ ಕೋಪ ಯಾಕೆ ಬರುತ್ತದೆಂದು ಕೇಳಿದವರನ್ನು ನಾನು ಕಾಣೆ.

ಮಾವ ಶ್ರೀನಿವಾಸಪುರದ ಕಡೆ ಮಾವಿನ ತೋಟಗಳನ್ನು ಗುತ್ತಿಗೆ ಹಿಡಿಯುತ್ತಿದ್ದ. ಕಾಯಿ ಬಲಿಯುವ ಕಾಲಕ್ಕೆ ಗಂಡಹೆಂಡತಿ ತೋಟದಲ್ಲೇ ಗುಡಿಸಲು ಹಾಕಿಕೊಂಡು ಕಾವಲಿರಬೇಕು. ಒಂದು ಮಧ್ಯಾಹ್ನ ಅತ್ತೆ ಸೀರೆ ಬದಲಿಸುತ್ತಿದ್ದಾಗ ಕಾಯಿ ಕೀಳಲು ಬಂದವನೊಬ್ಬ ಗೋಣಿಯ ಪರದೆ ಸರಿಸಿ, "ನೀರೈತಾ ಅಕ್ಕಾ?" ಎನ್ನುತ್ತ ನೋಡುತ್ತಲೇ ನಿಂತ. ಅತ್ತೆ ಚೆಂಬು ಬೀಸಿದಳು, ಅವನ ಹಣೆ ಒಡೆಯಿತು. ಮಾವ ಬೈದದ್ದು ಅತ್ತೆಯನ್ನು! "ಕೆಲಸದೋರು ಓಡೋದ್ರೆ ಕಾಯಿ ನಿಮ್ಮಪ್ಪ ಕೀಳ್ತಾನಾ?"

ತೊಂಬತ್ತರ ದಶಕದ ಕೊನೆಗೆ, ಟ್ರಾಕ್ಟರಿಗೆ ಕಟ್ಟಿ ತೋಟದಿಂದ ತೋಟಕ್ಕೆ ಎಳೆದೊಯ್ಯುವ ಗಾಲಿಮನೆ ಮಾಡಿಸಲು ಮಾವ ಮಾಲೂರಿನ ಒಂದು ವೆಲ್ಡಿಂಗ್ ಶೆಡ್ಡಿಗೆ ಹೊರಟ. ಅಲ್ಲಿ ಎರಡು ಬಗೆ. ಸುತ್ತಲೂ ತಗಡು ಹೊಡೆದು ಬಾಗಿಲಿಟ್ಟದ್ದು ಒಂದು. ಅರ್ಧ ತಗಡು, ಮಲಗುವ ಕಡೆ ಬಿಚ್ಚಿ ಹರಡುವ ಟಾರ್ಪಾಲು ಇನ್ನೊಂದು. ಅತ್ತೆ ಹೇಳಿದ್ದು ಒಂದೇ ಮಾತು: "ನಾಕು ತಲುಪು ಕಾವಾಲ." ತೆಲುಗಿನಲ್ಲಿ ನಾಕು ಎಂದರೆ ನನಗೆ, ತಲುಪು ಎಂದರೆ ಬಾಗಿಲು. ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು ಅವಳಿಗೆ ಬೇಕಿತ್ತು.

ಮಾವ ತಂದದ್ದು ಟಾರ್ಪಾಲಿನದು. ಬೀದಿಯವರೆಲ್ಲ ನೋಡಲು ನೆರೆದಿದ್ದರು. ಬಾಗಿಲೆಲ್ಲಿ ಎಂದಳು ಅತ್ತೆ.

"ತಲುಪು ಅಂದ್ಯಲ್ಲೇ! ಬೇಗ ತಲುಪ್ಬೇಕೇನೋ ಅಂತ ಹಗುರದ್ದು ತಂದೆ ಕಣೇ" ಎಂದ ಮಾವ. ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ತೆಲುಗು ಬರುತ್ತಿತ್ತು. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಗಸರೂ ಬಾಯಿಗೆ ಸೆರಗಿಟ್ಟುಕೊಂಡರು. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಂದು ಮಾತ್ರ ಅತ್ತೆ ಕನ್ನಡದಲ್ಲೇ ಹೇಳಿದಳು: "ಹಂಗಾದ್ರೆ ನೀನೇ ತಲುಪು. ನಾನು ಬರಲ್ಲ."

ಮಾವ ಒಬ್ಬನೇ ಹೋದ. ಮುದ್ದೆ ತಿರುವಲು ಬಾರದೆ, ಹಸಿಬಿಸಿ ತಿಂದು ಹೊಟ್ಟೆ ಕೆಡಿಸಿಕೊಂಡು, ವಾರ ಕಳೆಯುವುದರೊಳಗೆ ಗಾಡಿಯನ್ನು ಮತ್ತೆ ಮಾಲೂರಿಗೆ ಎಳೆಸಿದ. ತಗಡು ಬಂತು, ಬಾಗಿಲು ಬಂತು, ಚಿಲಕವೂ ಬಂತು. ಪಾಪ, ಹೆಂಡತಿಗೆ ಹೆದರಿದ ಎಂದು ಜನ ಅವನಿಗಾಗಿ ಮರುಗಿದರು.

ನಾನು ಅವಳನ್ನು ಕೊನೆಯ ಸಲ ಕಂಡದ್ದು ಆ ತಗಡಿನೊಳಗೇ. ಬಿಸಿಲಿಗೆ ಒಲೆಯಂತೆ ಕಾದಿತ್ತು. "ಟಾರ್ಪಾಲೇ ತಣ್ಣಗಿರ್ತಿತ್ತೇನೋ ಅತ್ತೆ" ಎಂದೆ.

"ಸೆಕೆಗೆ ಬೀಸಣಿಗೆ ಐತೆ ಕಣೇ. ನೋಡೋ ಕಣ್ಣಿಗೆ ಏನೈತೆ?" ಎಂದು ನನ್ನ ಮೇಲೇ ರೇಗಿದಳು. ಆಮೇಲೆ ಮಜ್ಜಿಗೆ ಕೊಟ್ಟಳು.

ಅವಳು ತೀರಿಕೊಂಡ ಮರುವರ್ಷ ತೋಟಕ್ಕೆ ಹೋದೆ. ಮಾವ ಬಾಗಿಲು ಕೀಳಿಸಿ, ತಗಡು ಕೊಯ್ಯಿಸಿ, ಟಾರ್ಪಾಲು ಕಟ್ಟಿಸಿದ್ದ. "ಈಗ ನೋಡು, ಗಾಳಿ ಹೆಂಗಾಡ್ತೈತೆ. ಬಾ, ಕೂತ್ಕೋ" ಎಂದ. ನಾನು ಹತ್ತಲಿಲ್ಲ. ಒಳಗೆ ಅವನ ಹೊಸ ಸೊಸೆ, ಸೀರೆಯ ಸೇಫ್ಟಿ ಪಿನ್ನು ಬಿಚ್ಚಿ, ಟಾರ್ಪಾಲಿನ ಎರಡು ಅಂಚುಗಳನ್ನು ಕೂಡಿಸಲು ಒದ್ದಾಡುತ್ತಿದ್ದಳು.