ಕಾರ್ಡಿನಲ್ಲಿ ಕ್ಲೀನರ್, ಕೈಯಲ್ಲಿ ರೇಡಿಯೇಟರ್

ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜು ಸಾಲಿನಲ್ಲಿ ಬೆಳಗಿನ ನಾಲ್ಕೂವರೆ ಗಂಟೆ. ಒಂದೇ ಒಂದು ಶಟರ್ ಅರ್ಧ ಎತ್ತಿದೆ. ಒಳಗೆ 1953ರ ಬ್ರಿಟಿಷ್ ಕಾರೊಂದರ ಬಾನೆಟ್ ತೆರೆದು, ಸರ್ವೋತ್ತಮ ಎಂಬ ಸಣಕಲು ಮನುಷ್ಯ ರೇಡಿಯೇಟರಿಗೆ ಕೈಯ ಹಿಂಬದಿ ತಾಗಿಸಿ ನೋಡುತ್ತಿದ್ದಾರೆ. ಮೇಲೆ ಒಮ್ಮೆ, ನಡುವೆ ಒಮ್ಮೆ, ಅಡಿಯಲ್ಲಿ ಒಮ್ಮೆ. ಮೂರೂ ಕಡೆ ತಣ್ಣಗಿದೆ ಎಂದು ಖಾತ್ರಿಯಾದ ಮೇಲೆಯೇ ಮುಚ್ಚಳಕ್ಕೆ ಕೈ ಹಾಕುತ್ತಾರೆ. ಇದು 2006ರ ಆಗಸ್ಟ್ ತಿಂಗಳು. ಸಂಜೆ ಬಂದು ನಿಂತ ಕಾರು ತಣಿಯಬೇಕಾದರೆ ಬೆಳಗೇ ಆಗಬೇಕು. ಬಿಸಿ ಇದ್ದಾಗ ತೆರೆದರೆ ಏನಾಗುತ್ತದೆ ಎಂಬುದನ್ನು ಅವರು ಬಾಯಲ್ಲಿ ಹೇಳುವುದಿಲ್ಲ, ಅಂಗಿಯ ಎಡತೋಳು ಮಡಚಿ ಮೊಣಕೈವರೆಗಿನ ಸುಟ್ಟ ಕಲೆ ತೋರಿಸುತ್ತಾರೆ.

ಅಡಿಯ ಸಣ್ಣ ನಲ್ಲಿ ತಿರುಗಿಸಿದರೆ ಹಳೆಯ ನೀರು ಬಿಳಿ ಬೋಗುಣಿಗೆ ಇಳಿಯುತ್ತದೆ. ಬೋಗುಣಿ ಬಿಳಿಯದೇ ಆಗಬೇಕು, ಬಣ್ಣ ಕಾಣಬೇಕಲ್ಲ. ಎರಡು ಬೆರಳಲ್ಲಿ ತಿಕ್ಕಿ, ಮೂಗಿನ ಹತ್ತಿರ ಹಿಡಿದು, ತುಕ್ಕು ಎಷ್ಟು, ಎಣ್ಣೆ ಸೇರಿದೆಯೇ ಎಂದು ಹೇಳಿಬಿಡುತ್ತಾರೆ. ಆಮೇಲೆ ಮೂರು ಸಲ ತೊಳೆಯುವುದು. ಆ ನೀರನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ತುಂಬಿಸಿ ನೆರಳಲ್ಲಿ ಇಟ್ಟಿರುತ್ತಾರೆ, ಏಕೆಂದರೆ ಇಲ್ಲಿ ತಾರಸಿ ಟ್ಯಾಂಕಿನ ನೀರು ಕೈ ಸುಡುತ್ತದೆ. ಕೊನೆಗೆ ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿನೊಂದಿಗೆ ಎಂಜಿನ್ ತಣಿಸುವ ಹಸಿರು ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ, ಗಾಳಿಯ ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ಸುರಿಯುತ್ತಾರೆ. ವಾರಕ್ಕೆ ಆರು ಕಾರು. ಇಪ್ಪತ್ತೆರಡು ವರ್ಷ.

ಚಳಿಗಾಲ ಬಂತೆಂದರೆ ಈ ಕಾರುಗಳು ಹೋಟೆಲಿನ ಹುಲ್ಲುಹಾಸಿನ ಮೇಲೆ ಪ್ರದರ್ಶನಕ್ಕೆ ನಿಲ್ಲುತ್ತವೆ. ಪಕ್ಕದ ಫಲಕದಲ್ಲಿ ಮಾಲೀಕರ ಹೆಸರಿರುತ್ತದೆ, ಸೀಟಿನ ಚರ್ಮ ಯಾವ ದೇಶದ್ದು ಎಂದಿರುತ್ತದೆ, ಬಣ್ಣ ಬಳಿದವರ ಹೆಸರೂ ಇರುತ್ತದೆ. ಐವತ್ತು ಡಿಗ್ರಿ ಬಿಸಿಲಲ್ಲಿ ಐವತ್ತು ವರ್ಷದ ಎಂಜಿನ್ ಕುದಿಯದಂತೆ ನೋಡಿಕೊಂಡವರ ಹೆಸರು ಇರುವುದಿಲ್ಲ. ನಾನು ಎರಡು ಪ್ರದರ್ಶನಗಳಲ್ಲಿ ಫಲಕಗಳನ್ನು ಒಂದೂ ಬಿಡದೆ ಓದಿ ಬಂದೇ ಇದನ್ನು ಬರೆಯುತ್ತಿದ್ದೇನೆ.

ಸರ್ವೋತ್ತಮ ಕಾಪುವಿನವರು. ಮಂಗಳೂರಿನಲ್ಲಿ ಬಸ್ಸುಗಳ ರೇಡಿಯೇಟರ್ ಬೆಸೆಯುತ್ತಾ ಕೆಲಸ ಕಲಿತರು. 1984ರಲ್ಲಿ ಏಜೆಂಟನ ಬಳಿ ಮೆಕ್ಯಾನಿಕ್ ವೀಸಾ ಮುಗಿದಿತ್ತು, ಕ್ಲೀನರ್ ವೀಸಾ ಒಂದು ಉಳಿದಿತ್ತು. ಮೊದಲು ಒಳಗೆ ಹೋಗಿ, ಆಮೇಲೆ ಬದಲಾಯಿಸಿದರಾಯಿತು ಎಂದು ಅವನು ಹೇಳಿದನಂತೆ. ಆಗ ಎಲ್ಲರೂ ಹಾಗೆಯೇ ಬರುತ್ತಿದ್ದರು. ಸರ್ವೋತ್ತಮರ ಮಟ್ಟಿಗೆ ಆ 'ಆಮೇಲೆ' ಇನ್ನೂ ಬಂದಿಲ್ಲ. ಲೇಬರ್ ಕಾರ್ಡಿನಲ್ಲಿ ಅವರು ಇವತ್ತಿಗೂ ಕ್ಲೀನರ್.

"ಹೆಸರಿನಲ್ಲಿ ಎಂತ ಉಂಟು ಅಂತ ಕೇಳ್ಬಹುದು ನೀವು. ಕ್ಲೀನರ್ ಆದವ ಹೆಂಡತಿಯನ್ನು ಕರೆಸ್ಲಿಕ್ಕಿಲ್ಲ ಮಾರಾಯ್ರೆ. ವೀಸಾ ಕೌಂಟರಿನಲ್ಲಿ ಮೊದಲು ನೋಡುವುದೇ ಅದನ್ನು," ಎನ್ನುತ್ತಾರೆ.

ಹೆಂಡತಿ ಪ್ರಫುಲ್ಲಾ ಊರಿನಲ್ಲಿ ಹೊಲಿಗೆ ಮಾಡುತ್ತಾರೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಇಪ್ಪತ್ತೆರಡು ವರ್ಷಗಳಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಇಪ್ಪತ್ತೆರಡು ತಿಂಗಳು. ಈ ಲೆಕ್ಕ ಹಾಕಿದ್ದು ನಾನು. ಗಂಡ ನಿಜವಾದ ಮೆಕ್ಯಾನಿಕ್ ಆಗಿದ್ದರೆ ಒಮ್ಮೆಯಾದರೂ ದುಬೈ ತೋರಿಸುತ್ತಿರಲಿಲ್ಲವೇ ಎಂದು ಬ್ಲೌಸ್ ಹೊಲಿಸಲು ಬಂದವರು ಪ್ರಫುಲ್ಲಾ ಅವರನ್ನು ಕೆಣಕುತ್ತಾರಂತೆ. ಬರುವ ಅಕ್ಟೋಬರಿಗೆ ಸರ್ವೋತ್ತಮರಿಗೆ ಅರುವತ್ತು ತುಂಬುತ್ತದೆ. ವೀಸಾ ಮುಂದುವರಿಸುವುದಿಲ್ಲ ಎಂದು ಗ್ಯಾರೇಜಿನವರು ಹೇಳಿಯಾಗಿದೆ. ಹೆಂಡತಿಗೆ ಈ ಊರು ತೋರಿಸಲು ಉಳಿದಿರುವುದು ಎರಡೇ ತಿಂಗಳು, ಅದೂ ಕಾರ್ಡಿನ ಹುದ್ದೆ ಬದಲಾದರೆ.

ಕಳೆದ ವರ್ಷ ಅದು ಬದಲಾಗುವುದರಲ್ಲಿತ್ತು. ಗ್ಯಾರೇಜಿನ ಮ್ಯಾನೇಜರ್ ಸುಮಂತ್ ಬೆಂಗಳೂರಿನವರು, ಮೂವತ್ತೆರಡರ ಪ್ರಾಯ. ಅವರೇ ಅರ್ಜಿ ಟೈಪ್ ಮಾಡಿಸಿ ಮೇಜಿನ ಮೇಲೆ ಇಟ್ಟಿದ್ದರು. ಸಹಿಯೊಂದೇ ಬಾಕಿ. ಅದೇ ವಾರ ಆಫೀಸು ಹೊಸ ಬಗೆಯ ಕಿತ್ತಳೆ ಬಣ್ಣದ ಕೂಲೆಂಟನ್ನು ಡ್ರಮ್ಮುಗಟ್ಟಲೆ ತರಿಸಿ, ಎಲ್ಲ ಕಾರಿಗೂ ಇದನ್ನೇ ಹಾಕಬೇಕೆಂದು ಆದೇಶ ಹೊರಡಿಸಿತು. ಹೊಸ ಕಾರಿನ ಅಲ್ಯುಮಿನಿಯಂಗೆ ಅದು ಸರಿ, ಆದರೆ ಹಳೆಯ ಕಾರಿನ ರೇಡಿಯೇಟರ್ ಹಿತ್ತಾಳೆಯದು, ಅದರ ಸೀಸದ ಬೆಸುಗೆಯನ್ನು ಈ ಕೂಲೆಂಟ್ ತಿಂದುಬಿಡುತ್ತದೆ ಎಂದು ಸರ್ವೋತ್ತಮ ಎರಡು ಸಲ ಹೇಳಿದರು. ಡಬ್ಬಿಯ ಮೇಲೆ ಎಲ್ಲ ಕಾರಿಗೂ ಆಗುತ್ತದೆ ಎಂದು ಬರೆದಿದೆಯಲ್ಲ ಎಂಬ ಉತ್ತರ ಬಂತು.

"ಮೂರನೇ ಸಲ ಹೇಳ್ಲಿಕ್ಕೆ ಅಂತಲೇ ಒಳಗೆ ಹೋದೆ. ಮೇಜಿನ ಮೇಲೆ ನನ್ನ ಕಾಗದ ಕಾಣ್ತಾ ಇತ್ತು. ಇವರ ಮನಸ್ಸು ಕೆಡಿಸುವುದು ಬೇಡ ಅಂತ ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ. ಹಾಕಿದೆ. ಗೊತ್ತಿದ್ದೂ ಹಾಕಿದೆ," ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ.

ನಾಲ್ಕು ತಿಂಗಳಿಗೆ, ಹತ್ತಾ ಎಂಬ ಊರಿಗೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಕಾರಿನ ಬೆಸುಗೆ ಬಿಟ್ಟು, ನೀರೆಲ್ಲ ಸೋರಿ, ಎಂಜಿನ್ ಕೆಟ್ಟು ನಿಂತಿತು. ಕಾರಿನ ಮಾಲೀಕರು ಕೆಂಡವಾದರು. ಕೂಲೆಂಟ್ ತರಿಸಿದ್ದು ಯಾರು ಎಂದು ಯಾರೂ ಕೇಳಲಿಲ್ಲ, ಸುರಿದದ್ದು ಯಾರು ಎಂದು ಮಾತ್ರ ಕೇಳಿದರು. ತರಬೇತಿ ಇಲ್ಲದ ಕ್ಲೀನರ್ ಒಬ್ಬ ಸುರಿದ ಎಂದು ವರದಿ ಹೋಯಿತು. ಅದಕ್ಕೆ ಸರ್ವೋತ್ತಮರ ಸಹಿಯನ್ನೂ ಹಾಕಿಸಿಕೊಂಡರು. ಇಪ್ಪತ್ತೆರಡು ವರ್ಷ ದುಡಿಸಿಕೊಳ್ಳುವಾಗ ಅಡ್ಡ ಬಾರದ ಕಾರ್ಡು ತಪ್ಪನ್ನು ತಲೆಗೆ ಕಟ್ಟುವಾಗ ಒದಗಿ ಬಂತು. ಹುದ್ದೆ ಬದಲಾವಣೆಯ ಅರ್ಜಿ ಅಲ್ಲಿಗೆ ಖಲಾಸ್.

ಸುಮಂತ್ ಅವರನ್ನೂ ಕಂಡೆ. ಚಹಾ ತರಿಸಿ ಚೆನ್ನಾಗಿಯೇ ಮಾತಾಡಿದರು. "ಅವ್ರು ಒಳ್ಳೆ ಮನುಷ್ಯ ಸರ್, ನಾನು ಇಲ್ಲ ಅನ್ನಲ್ಲ. ಆದ್ರೆ ರಿಪೋರ್ಟ್ ಆಗೋಗಿದೆ. ಈಗ ಅವ್ರನ್ನ ಮೆಕ್ಯಾನಿಕ್ ಅಂತ ಮಾಡಿದ್ರೆ ನಮ್ಮ ರಿಪೋರ್ಟೇ ಸುಳ್ಳು ಅಂತ ಆಗಲ್ವಾ?" ಎಂದರು. ಕೇಳಿ ನನಗೆ ಮೈ ಉರಿಯಿತು. ಆ ಚಹಾ ನನಗೆ ಕುಡಿಯಲಾಗಲಿಲ್ಲ.

ಆ ಕೆಟ್ಟ ರೇಡಿಯೇಟರನ್ನು ಬಿಚ್ಚಿ, ಸಾಲು ಸಾಲಾಗಿ ಮತ್ತೆ ಬೆಸೆದದ್ದು ಸರ್ವೋತ್ತಮರೇ ಎಂದು ಪಕ್ಕದ ಶೆಡ್ಡಿನ ಪೇಂಟರ್ ಕಾಸಿಂ ಹೇಳುತ್ತಾರೆ. ಹನ್ನೊಂದು ದಿನ ಹಿಡಿಯಿತಂತೆ. ಬೇರೆ ಯಾರಿಗೂ ಆ ಕೈ ಇಲ್ಲ ಎಂಬುದು ಆಫೀಸಿಗೂ ಗೊತ್ತು. ಕಿತ್ತಳೆ ಡ್ರಮ್ಮುಗಳು ಸದ್ದಿಲ್ಲದೆ ಮೂಲೆ ಸೇರಿವೆ. ಹಳೆಯ ಕಾರಿಗೆ ಈಗ ಮತ್ತೆ ಹಸಿರು ಕೂಲೆಂಟೇ.

ಹೊರಡುವ ಮುನ್ನ ಕಾರಿನ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೆಯಬೇಕೆಂದಿದ್ದೆ. ಮಾಲೀಕರ ಅನುಮತಿ ಬೇಕು ಎಂದು ಆಫೀಸಿನಿಂದ ಹೇಳಿ ಕಳಿಸಿದರು. ಸರ್ವೋತ್ತಮರಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಪ್ರಫುಲ್ಲಾ ಇನ್ನು ಬರುವುದಿಲ್ಲವೆಂದು ಅವರು ಆಗಲೇ ಮನಸ್ಸಿಗೆ ಹೇಳಿಕೊಂಡಾಗಿದೆ. ಕೈಯೊರೆಸಿಕೊಂಡು ಶಟರ್‌ವರೆಗೆ ಬಂದರು. ಇದು ನಮ್ಮ ಊರಿನ ಕಡೆಗೂ ಹೋಗುವ ಪೇಪರಾ ಎಂದು ವಿಚಾರಿಸಿದರು. ಹೌದೆಂದೆ.

"ಹಾಗಾದ್ರೆ ಫೋಟೋ ಬೇಡ, ಬಿಡಿ. ನನ್ನ ಹೆಸರಿನ ಮುಂದೆ ರೇಡಿಯೇಟರ್ ಮೆಕ್ಯಾನಿಕ್ ಅಂತ ಒಂದು ಹಾಕಿ. ಬ್ಲೌಸ್ ಹೊಲಿಸ್ಲಿಕ್ಕೆ ಬಂದವರಿಗೆ ಅವಳು ತೋರಿಸ್ಲಿ."