ಕಾಕಾನ ಕಲಪ

ಹೋದ ವಾರ ಊರಿಗೆ ಬಂದಿದ್ದ ಮಗಳು ಬಚ್ಚಲುಮನೆಯ ಗೂಡಿನಲ್ಲಿ ಒಂದು ಸಣ್ಣ ಪೊಟ್ಟಣ ಇಟ್ಟು ಹೋಗಿದ್ದಾಳೆ. ಕೂದಲಿಗೆ ಹಚ್ಚುವ ಕಪ್ಪು, ನಮ್ಮ ಕಡೆಯ ಹಳೆಯ ಮಾತಿನಲ್ಲಿ ಕಲಪ. ನನಗೆ ನೇರವಾಗಿ ಹೇಳಲು ಅವಳಿಗೆ ಸಂಕೋಚ. ಅಪ್ಪನ ಕಣ್ಣಿಗೆ ತಾನಾಗಿಯೇ ಬೀಳಲಿ ಎಂದು ಸಾಬೂನಿನ ಪಕ್ಕಕ್ಕೆ ಇಟ್ಟಿದ್ದಾಳೆ. ಈ ಬೆಳಿಗ್ಗೆ ಅದರ ಮೂಲೆ ಹರಿದು ಮೂಸಿದೆ. ಮೂಗಿಗೆ ಹೊಡೆಯುವ ಆ ಕಟು ವಾಸನೆ ಬಂದಿದ್ದೇ ತಡ, ಜಮಖಂಡಿಯ ನಮ್ಮ ಮನೆಯ ಮಾಳಿಗೆ, ಅದರ ಮೇಲೆ ತಲೆಗೆ ಔಡಲ ಎಲೆ ಕಟ್ಟಿಕೊಂಡು ಬಿಸಿಲು ಕಾಯುತ್ತ ಕೂತ ಅಣ್ಣಾಜಿ ಕಾಕಾ ಕಣ್ಣ ಮುಂದೆ ಬಂದರು.

ಕಾಕಾ ನಮ್ಮ ಅಪ್ಪನ ತಮ್ಮ. ಕಚೇರಿಯಲ್ಲಿ ಕಾರಕೂನ. ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದು ಕೆಲವು ವರ್ಷಗಳಾಗಿದ್ದವು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಂಜೆ ಸೇರುತ್ತಿದ್ದ ಹಿರಿಯರಿಗೆ ಈಗ ಮಾತಾಡಲು ಅರಮನೆಯ ಸುದ್ದಿ ಇರಲಿಲ್ಲ. ಮುಂಬಯಿ ಬಹಳ ದೂರ, ಅಲ್ಲಿನ ಮಂತ್ರಿಗಳನ್ನು ಬೈದರೆ ರುಚಿ ಹತ್ತುತ್ತಿರಲಿಲ್ಲ. ಅಂಥ ಬರಗಾಲದಲ್ಲಿ, ಹೆಂಡತಿ ತೀರಿಕೊಂಡು ವರ್ಷ ತುಂಬಿದ್ದ ನಲವತ್ತಾರರ ಕಾಕಾಗೆ ಮುಧೋಳದ ಒಂದು ಕನ್ಯೆಯ ಪ್ರಸ್ತಾಪ ಬಂತು. ಕನ್ಯೆಯ ಕಡೆಯವರಿಗೆ ವರನ ವಯಸ್ಸು ಮೂವತ್ತಾರು ಎಂದು ಮಧ್ಯಸ್ಥರು ಹೇಳಿಬಿಟ್ಟಿದ್ದರು. ಮೂವತ್ತಾರನ್ನು ಬಾಯಲ್ಲಿ ಹೇಳುವುದು ಸುಲಭ, ತಲೆಯ ಮೇಲೆ ತೋರಿಸುವುದು ಹೇಗೆ? ಕಟ್ಟೆಗೆ ಕೆಲಸ ಸಿಕ್ಕಿತು.

ಗಂಡಸರು ಕೂದಲಿನ ಬಗ್ಗೆ ಚರ್ಚೆಗೆ ಕೂತರೆ ಎಂಥ ಗಾಂಭೀರ್ಯ ಬರುತ್ತದೆ ಎಂಬುದನ್ನು ನೀವು ನೋಡಿದ್ದರೆ ನಾನು ಹೇಳಬೇಕಾಗಿಲ್ಲ. ಕಲಪ ಹಚ್ಚಿದರೆ ಕಣ್ಣು ಹೋಗುತ್ತವೆ ಎಂದು ಸಾಲಿ ಮಾಸ್ತರರು. ಕಣ್ಣು ಹೋದರೂ ಚಿಂತೆಯಿಲ್ಲ, ನೋಡಬೇಕಾದವರು ಕನ್ಯೆಯ ಕಡೆಯವರು ಎಂದು ವಕೀಲರು. ನೆಲ್ಲಿಚಟ್ಟನ್ನು ಕಬ್ಬಿಣದ ಬಾಣಲೆಯಲ್ಲಿ ನೆನೆಹಾಕಬೇಕೆಂದು ಒಬ್ಬರು, ಮೀರಜಿನಲ್ಲಿ ಬಾಟಲಿಯೇ ಸಿಗುತ್ತದೆಂದು ಇನ್ನೊಬ್ಬರು. ಇವರಲ್ಲಿ ಎರಡು ತಲೆ ಪೂರ್ತಿ ಬಕ್ಕ. ಆ ಇಬ್ಬರ ಮಾತೇ ಎಲ್ಲರಿಗಿಂತ ಜೋರು.

ಆಗ ನಾನು ರಬಕವಿಯಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ಶನಿವಾರಕ್ಕೊಮ್ಮೆ ಬಸ್ಸು ಹಿಡಿದು ಮನೆಗೆ ಬರುತ್ತಿದ್ದೆ. ವಕೀಲರಿಗೆ ಒಂದು ವಿಚಾರ ಹೊಳೆಯಿತು. "ಅಲ್ಲೋ, ರಬಕವಿ ಸೀರಿ ಹರದು ಚಿಂದಿ ಆದ್ರೂ ಬಣ್ಣ ಹೋಗೂದಿಲ್ಲ. ನೂಲಿಗೆ ಹಾಕೂ ಕರಿ ಬಣ್ಣ ತಲಿಗ್ಯಾಕ ಹಾಕಬಾರದು? ಇವಗ ಅಲ್ಲೆ ಕೇಳ್ಕೊಂಡು ಬಾ ಅನ್ನು." ಕಾಕಾ ನನ್ನ ಕಡೆ ಆಸೆಯಿಂದ ನೋಡಿದರು. ಸೋಮವಾರ ನಾನು ನಿಜವಾಗಿಯೂ ಹೋಗಿ ನೂಲಿಗೆ ಬಣ್ಣ ಹಾಕುವವನೊಬ್ಬನನ್ನು ಕೇಳಿದೆ. ಅವನು ಕೈಯಲ್ಲಿದ್ದ ಕೋಲು ಕೆಳಗಿಟ್ಟು ಬಹಳ ಹೊತ್ತು ನಕ್ಕ. "ಹಾಕಬಹುದ್ರಿ ಮಾಸ್ತರ. ಆದ್ರ ನಾವು ಬಣ್ಣಕ್ಕ ಹಾಕೂ ಮೊದಲ ನೂಲು ಕುದಸತೇವ್ರಿ. ನಿಮ್ಮ ಕಾಕಾರು ತಯಾರದಾರೇನ್ರಿ?"

ಕಾಕಾ ಮೀರಜಿನ ಬಾಟಲಿಗೇ ಒಲಿದರು. ಹಚ್ಚಿಕೊಂಡ ಮೊದಲ ದಿನ ತಲೆಗಿಂತ ಹಣೆಯೇ ಚೆನ್ನಾಗಿ ಬಣ್ಣ ಹಿಡಿದಿತ್ತು. ತಿಕ್ಕಿದರೂ ಹೋಗಲಿಲ್ಲ. ನಾವು ಹಣೆಗೆ ಅಂಗಾರದ ಕರಿಗೆರೆ ಹಚ್ಚುವ ಮಂದಿ. ಆ ದಿನ ಕಾಕಾ ಗೆರೆಯನ್ನು ಮತ್ತಷ್ಟು ದಪ್ಪ ಎಳೆದುಕೊಂಡು ಕಚೇರಿಗೆ ಹೋದರು. "ಅಣ್ಣಾಜಿಯ ಭಕ್ತಿ ಕಿವಿ ತನಕಾ ಬಂದದ" ಎಂದು ವಕೀಲರು ಊರೆಲ್ಲ ಹೇಳಿದರು. ಸಾಲಿ ಮಾಸ್ತರರಿಗೆ ಮಾತ್ರ ಅನುಮಾನ. "ಮುಧೋಳದ ಮಂದಿ ನಾಯಿಮರಿ ಕೊಳ್ಳಬೇಕಾದ್ರೂ ಬಾಯಿ ತೆರದು ಹಲ್ಲು ನೋಡತಾರ. ನಿನ್ನ ತಲಿ ಸುಮ್ಮನ ಬಿಡತಾರೇನು?" ಆದರೆ ಮುಧೋಳದವರು ಬಂದರು, ನೋಡಿದರು, ಒಪ್ಪಿದರು. ಎರಡು ತಿಂಗಳ ಮೇಲೆ ಸಕ್ಕರೆ ಹಂಚುವ ನಿಶ್ಚಯದ ಶಾಸ್ತ್ರ, ಮಾರ್ಗಶಿರದಲ್ಲಿ ಲಗ್ನ ಎಂದು ಗೊತ್ತಾಯಿತು.

ಅಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಳು.

ಅಜ್ಜಿ ಎಂದರೆ ಅಪ್ಪನ ಮತ್ತು ಕಾಕಾನ ತಾಯಿ. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು, ಅಂದಿನ ಪದ್ಧತಿಯಂತೆ ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗನ್ನು ಹಣೆಯ ತನಕ ಎಳೆದುಕೊಂಡ ಮಡಿ ಹೆಂಗಸು. ತಿಂಗಳಿಗೊಮ್ಮೆ ಹಡಪದ ಮಲ್ಲಪ್ಪ ಕ್ಷೌರದ ಕತ್ತಿ ಹಿಡಿದು ಹಿತ್ತಿಲಿಗೆ ಬರುತ್ತಿದ್ದ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ಕೂಡುತ್ತಿದ್ದಳು. ನಮಗೆ ಅದು ತುಳಸಿಗೆ ನೀರು ಹಾಕುವಷ್ಟೇ ರೂಢಿಯ ಸಂಗತಿಯಾಗಿತ್ತು.

ಕಾಕಾ ಅವಳ ಸೇವೆಗೆ ನಿಂತದ್ದನ್ನು ನೋಡಬೇಕಿತ್ತು ನೀವು! ದಾಳಿಂಬೆ ಬಿಡಿಸಿ ರಸ ಹಿಂಡಿದರು, ಮೀರಜಿನಿಂದ ಡಾಕ್ಟರರನ್ನು ಕರೆಸಿದರು, ರಾತ್ರಿ ಅವಳ ಕಾಲ ಬಳಿಯೇ ಮಲಗಿದರು. ಇಂಥ ಮಗ ಪುರಾಣದಲ್ಲಿಯೂ ಸಿಗಲಾರ ಎಂದು ಓಣಿ ಹೊಗಳಿತು. ಒಳಗಿನ ಲೆಕ್ಕ ಮನೆಯವರಿಗೆ ಗೊತ್ತಿತ್ತು. ತಾಯಿ ಹೋದರೆ ಮಗ ತಲೆ ಮೀಸೆ ಎರಡನ್ನೂ ಬೋಳಿಸಬೇಕು, ಮತ್ತೆ ಮೊಳೆಯುವುದೆಲ್ಲ ಬೆಳ್ಳಗೆ ಮೊಳೆಯಬೇಕು, ವರ್ಷ ತುಂಬುವ ತನಕ ಕಲಪ ಮುಟ್ಟುವಂತಿಲ್ಲ, ಲಗ್ನವಂತೂ ಇಲ್ಲವೇ ಇಲ್ಲ. ದೇವರ ಮುಂದೆ ಕೈಮುಗಿದು "ಮಾರ್ಗಶಿರದ ತನಕಾ ಅವ್ವನ್ನ ಕಾಪಾಡಪ್ಪಾ" ಎಂದು ಕಾಕಾ ಬೇಡಿಕೊಂಡದ್ದನ್ನು ನಾನೇ ಕೇಳಿದೆ. ದೇವರಿಗೂ ವಾಯಿದೆ ಹಾಕಿದ ಮಾತೃಭಕ್ತಿ!

ಅಜ್ಜಿಗೂ ಕೇಳಿಸಿತ್ತು. ಮರುದಿನ ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದ ಮಗನಿಗೆ ಅವಳು ಮೆಲ್ಲಗೆ ಹೇಳಿದಳು.

"ಹೆದರಬ್ಯಾಡ ಅಣ್ಣಾ. ನಿನ್ನ ಲಗ್ನದ ತನಕಾ ನಾ ಏನೂ ಸಾಯೂದಿಲ್ಲ."

ಕಾಕಾನ ಕೈಯಲ್ಲಿದ್ದ ಚಮಚ ನಿಂತಿತು. ಅಜ್ಜಿ ಬೇಸರವಿಲ್ಲದೆ, ಯಾರದೋ ಸುದ್ದಿ ಹೇಳುವವಳಂತೆ ಮುಂದುವರಿಸಿದಳು. "ನಿನ್ನ ತಲಿ ಸಲುವಾಗಿ ಕಟ್ಟಿ ಮ್ಯಾಲೆ ತಿಂಗಳಗಟ್ಟಲೆ ಪಂಚಾಯತಿ ಆತು. ನನ್ನ ತಲಿ ತಗದಾಗ ಯಾರೂ ಕೂತು ಮಾತಾಡ್ಲಿಲ್ಲ. ಸೊಂಟದ ತನಕಾ ಇದ್ವು ಕೂದಲಾ. ನೀ ಆಗ ಎರಡು ವರ್ಷದಾಂವ. ನನ್ನ ನೋಡಿ ಚಿಟ್ಟನ ಚೀರಿ ಓಡಿಹೋದಿ. ಎತಗೊಳ್ಳಿಕ್ಕೆ ಬಂದ್ರ ಕಚ್ಚಿದಿ. ನಮ್ಮವ್ವ ಎಲ್ಲೆ ಹೋದ್ಲು ಅಂತ ಮನಿ ತುಂಬ ಹುಡುಕ್ಯಾಡ್ತಿದ್ದಿ."

ಕಾಕಾ ಎದ್ದು ಹೊರಗೆ ಹೋದರು. ಅಂದು ಅವರು ಕಟ್ಟೆಗೆ ಹೋಗಲಿಲ್ಲ.

ಅಜ್ಜಿ ಚೇತರಿಸಿಕೊಂಡಳು. ಮಲ್ಲಪ್ಪ ತನ್ನ ಪಾಳಿಗೆ ಸರಿಯಾಗಿ ಹಿತ್ತಿಲಿಗೆ ಬಂದಾಗ ಕಾಕಾ ಬಾಗಿಲಲ್ಲಿ ಅಡ್ಡ ನಿಂತಿದ್ದರು. "ಇನ್ನ ಮ್ಯಾಲೆ ಅವ್ವಗ ಬ್ಯಾಡಪಾ." ಮಲ್ಲಪ್ಪ ಗಾಬರಿಯಾದ. "ನಾ ಏನ್ ತಪ್ಪ ಮಾಡೇನ್ರಿ ಧಣ್ಯಾರ?" ಅವನನ್ನು ಸಮಾಧಾನ ಮಾಡಿ ಕಳಿಸಬೇಕಾದರೆ ಸಾಕುಬೇಕಾಯಿತು. ಅಪ್ಪ ಕೂಗಾಡಿದರು, ಅಜ್ಜಿಯೂ ಈ ವಯಸ್ಸಿನಲ್ಲಿ ಇದೇನೆಂದು ಬೈದಳು. ಕಾಕಾ ಜಗ್ಗಲಿಲ್ಲ. ತಮ್ಮ ಕಲಪವನ್ನೂ ಬಿಡಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮನುಷ್ಯ ಒಂದೇ ದಿನದಲ್ಲಿ ಸಂತನಾಗುವುದಿಲ್ಲ, ಅದರಲ್ಲೂ ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿರುವಾಗ.

ಸಕ್ಕರೆಯ ಶಾಸ್ತ್ರದ ಹಿಂದಿನ ದಿನ ಅಜ್ಜಿಯೇ ಮಗನನ್ನು ಕರೆದಳು. "ಮುಧೋಳದವರು ಭಾಳ ಮಡಿವಂತರು. ಮಲ್ಲಪ್ಪನ್ನ ಕರಸು. ನಿನ್ನ ಲಗ್ನಾ ಮುಖ್ಯ." ಕಾಕಾ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಮಲ್ಲಪ್ಪನ ಮನೆ ಎರಡೇ ಓಣಿ ಆಚೆಗಿತ್ತು. ಒಮ್ಮೆ ಚಪ್ಪಲಿಯನ್ನೂ ಮೆಟ್ಟಿದರು. ಮತ್ತೆ ಬಿಟ್ಟು ಬಂದು "ಬ್ಯಾಡವ್ವಾ, ಸೆರಗು ಇರ್ತದಲ್ಲ" ಎಂದರು.

ಸೆರಗು ಇತ್ತು. ಆದರೆ ಊಟದ ಪಂಕ್ತಿಯಲ್ಲಿ ಬೀಗರಿಗೆ ತನ್ನ ಕೈಯಾರೆ ತುಪ್ಪ ಬಡಿಸುತ್ತೇನೆಂದು ಅಜ್ಜಿ ಬಾಗಿದಾಗ ಅದು ಜಾರಿತು. ಎರಡು ಬೆರಳು ಬೆಳೆದ ಬಿಳಿ ಕೂದಲು ಎಲ್ಲರಿಗೂ ಕಂಡಿತು. ಕನ್ಯೆಯ ದೊಡ್ಡಪ್ಪ ಎಲೆಯ ಮುಂದಿನಿಂದ ಎದ್ದುಬಿಟ್ಟರು.

"ತಲಿಗೂದಲಾ ಬಿಟ್ಟ ವಿಧವಿ ಕೈಲೆ ಬಡಿಸಿದ್ದು ನಮಗ ನಡಿಯೂದಿಲ್ಲ."

ಅಪ್ಪ ಕೈಮುಗಿದರು, ಕಾಯಿಲೆ, ಪಥ್ಯ ಎಂದೇನೇನೋ ಹೇಳಿದರು. ಕಾಕಾ ಮಾತ್ರ ಎದ್ದು ನಿಂತು, "ನಾನೂ ನಿಮಗ ಒಂದು ಮಾತು ಮುಚ್ಚಿಟ್ಟೇನ್ರಿ. ನನ್ನ ತಲಿ…" ಎಂದು ಶುರು ಮಾಡಿದರು.

"ಕಲಪದ್ದು. ಗೊತ್ತದ" ಎಂದರು ದೊಡ್ಡಪ್ಪ, ಕೈತೊಳೆಯಲು ಹೋಗುತ್ತಲೇ. "ಮೊದಲನೇ ದಿನಾನೇ ಗೊತ್ತಾತು. ಗಂಡಸೂರದು ಅದೆಲ್ಲಾ ನಡೀತದ್ರಿ, ನಾವೂ ನಡಿಸಿಕೊಂಡಿದ್ವಿ. ಇದು ನಡಿಯೂದಿಲ್ಲ."

ಅವರ ಬಂಡಿ ಓಣಿ ದಾಟಿತು. ಅಜ್ಜಿ ಕಂಬಕ್ಕೆ ಒರಗಿ ಅಳುತ್ತಿದ್ದಳು. "ನನ್ನ ಸಲುವಾಗಿ ಮುರೀತಲ್ಲೋ." ಕಾಕಾ ಅಡಿಗೆಮನೆಗೆ ಹೋಗಿ ಎಣ್ಣೆಯ ಬಟ್ಟಲು ತಂದು ಅವಳ ಹಿಂದೆ ಕೂತರು. ಅಷ್ಟು ಗಿಡ್ಡ ಕೂದಲಿಗೆ ಎಣ್ಣೆ ಹಚ್ಚುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಅಂಗೈಯಿಂದ ಸುಮ್ಮನೆ ಸವರಿದರು. ಅಜ್ಜಿಯ ಅಳು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಿ ಕೇಳಿದಳು. ಗಂಡ ಹೋದಂದಿನಿಂದ ಅವಳು ಕನ್ನಡಿ ಹಿಡಿದಿರಲಿಲ್ಲ.

ಬಹಳ ಹೊತ್ತು ನೋಡಿದಳು. "ಹೋಗುವಾಗ ಕರ್ರಗ ಹೋಗಿದ್ವು" ಎಂದಳು. "ಬರುವಾಗ ಪೂರಾ ಬೆಳ್ಳಗ ಬಂದಾವ. ನಡುವ ಏನಾತೋ ಅಣ್ಣಾ, ನಾ ನೋಡಲೇ ಇಲ್ಲ."

ಕಾಕಾ ಮುಂದೆ ಲಗ್ನವಾಗಲಿಲ್ಲ, ಕಲಪವನ್ನೂ ಹಚ್ಚಲಿಲ್ಲ. ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪು, ನಡುವೆ ತುಕ್ಕಿನ ಬಣ್ಣ ಹೊತ್ತು ಓಡಾಡಿದ ಆ ತಲೆಯನ್ನು ನೋಡಿ ಕಟ್ಟೆ ವರ್ಷಗಟ್ಟಲೆ ನಕ್ಕಿತು. ನಾನೂ ನಕ್ಕಿದ್ದೇನೆ. ಕಾಕಾನ ಕಥೆಯನ್ನು ಎಷ್ಟೋ ಕಡೆ ಹೇಳಿ ಜನರನ್ನು ನಗಿಸಿದ್ದೇನೆ, ನೂಲು ಕುದಿಸುವ ಮಾತಿಗೆ ಬಂದು ನಿಲ್ಲಿಸಿಬಿಡುತ್ತಿದ್ದೆ.

ಇವತ್ತು ಕನ್ನಡಿಯ ಮುಂದೆ ಹಾಗೆ ನಿಲ್ಲಿಸಲು ಆಗಲಿಲ್ಲ. ಕಿವಿಯ ಮೇಲೆ ಬಿಳಿ ಬಂದಿದೆ, ನೆತ್ತಿ ಇನ್ನೂ ಹಟ ಹಿಡಿದು ಕಪ್ಪಗಿದೆ, ಎರಡರ ನಡುವೆ ಬೂದಿಯ ಬಣ್ಣ ನಿಧಾನವಾಗಿ ಮೇಲೇರುತ್ತಿದೆ. ಇದನ್ನು ಇಷ್ಟು ದಿನ ಅವಮಾನ ಎಂದುಕೊಂಡಿದ್ದೆ. ಅಜ್ಜಿಗೆ ನೋಡಲು ಸಿಗದೇ ಹೋದದ್ದು ಇದೇ. ನನಗೆ ಸಿಕ್ಕಿದೆ, ನೋಡುತ್ತೇನೆ.